ಮೂಲಂಗಿ ಇಲ್ಲದ ಸಾರು

ನಮ್ಮ ನಾಲ್ಕುದಾರಿಯಲ್ಲಿ ದಿನಾ ಬೆಳಿಗ್ಗೆ ನಾನು ಗುಡಿಸುವುದು ಕಸವನ್ನಲ್ಲ, ಊರವರ ಕಾಯಿಲೆಯನ್ನು. ಕಷಾಯ ಕುದಿಸಿ ಉಳಿದ ಚರಟವನ್ನು ದಾರಿ ಕೂಡುವ ಕಡೆ ಚೆಲ್ಲಿದರೆ, ಓಡಾಡುವವರ ಕಾಲಿಗೆ ಹತ್ತಿಕೊಂಡು ರೋಗ ಮನೆ ಬಿಟ್ಟು ಹೋಗುತ್ತದೆ ಎಂದು ಇಲ್ಲಿ ನಂಬಿಕೆ. ರೋಗ ಎಲ್ಲಿಗೆ ಹೋಗುತ್ತದೋ ನಾನು ಕಾಣೆ, ಚರಟ ಮಾತ್ರ ನೇರವಾಗಿ ನನ್ನ ಚಹಾದಂಗಡಿಯ ಹೊಸ್ತಿಲಿಗೆ ಬರುತ್ತದೆ. ಎದುರಿಗೇ ಔಷಧಿ ಅಂಗಡಿ ಇರುವಾಗ ಮಲ್ಲಿಗೆ ಹೂವು ಬಂದೀತೇ?

ಆ ಅಂಗಡಿ ಯಿನ್ ಸುಚಿನ್ ಎಂಬವಳದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಾಳೆ. ಗೋಡೆ ತುಂಬ ಸಣ್ಣ ಸಣ್ಣ ಮರದ ಖಾನೆಗಳು, ಬಾಗಿಲ ಬಳಿ ಒಂದು ಮೇಜು, ಮೇಜಿನ ಹಿಂದೆ ಗೆಂಗ್ ವೈದ್ಯರು. ವೈದ್ಯರು ನಾಡಿ ಹಿಡಿದು ಚೀಟಿ ಬರೆಯುತ್ತಾರೆ. ಚೀಟಿ ಅವರ ಕೈಯಿಂದ ನೇರ ಸುಚಿನ್ ಕೈಗೆ. ರೋಗಿ ಅದನ್ನು ಓದಲು ಹೋಗುವುದಿಲ್ಲ, ಹೋದರೂ ಆ ಅಕ್ಷರ ಅವನ ತಾತನಿಗೂ ತಿಳಿಯದು. ಸುಚಿನ್ ಬೇರು ತೊಗಟೆಗಳನ್ನು ತೂಗಿ, ಕಾಗದದಲ್ಲಿ ಕಟ್ಟಿ, ಲೆಕ್ಕದ ಮಣಿಚೌಕಟ್ಟನ್ನು ಟಕಟಕ ಆಡಿಸಿ ಒಂದು ಬೆಲೆ ಹೇಳುತ್ತಾಳೆ. ಆ ಟಕಟಕವೆಲ್ಲ ಬರೀ ನಾಟಕ. ಇಷ್ಟು ವರ್ಷ ಎದುರಿಗೇ ಕೂತು ನೋಡಿದವಳು ನಾನು: ಮಣಿಗೆ ಕೈ ಹಾಕುವ ಮೊದಲು ಅವಳು ಸ್ವಲ್ಪ ಬಗ್ಗಿ ಗಿರಾಕಿಯ ಕಾಲು ನೋಡುತ್ತಾಳೆ. ಬೆಲೆ ಹುಟ್ಟುತ್ತಿದ್ದದ್ದು ಬೇರಿನಿಂದಲ್ಲ, ಚಪ್ಪಲಿಯಿಂದ.

ಇಟ್ಟಿಗೆ ಭಟ್ಟಿಯ ಯಜಮಾನ ತಾವ್ ಹೊಳೆಯುವ ಬೂಟು ಹಾಕಿಕೊಂಡು ಬಂದು, ಹೆಂಡದಲ್ಲಿ ನೆನೆಹಾಕಲು ಮೈಗೆ ಕಸುವು ಕೊಡುವ ಜಿನ್ಸೆಂಗ್ ಬೇರು ಬೇಕೆಂದರೆ ಅವಳು ಹೇಳುತ್ತಿದ್ದ ಬೆಲೆಗೆ ನನ್ನ ಕಿವಿ ಬಿಸಿಯಾಗುತ್ತಿತ್ತು. ತಾವ್‌ಗೆ ಮಾತ್ರ ಖುಷಿಯೋ ಖುಷಿ. ದುಬಾರಿಯಾದಷ್ಟೂ ಬೇರಿಗೆ ಬಲ ಹೆಚ್ಚು ಎಂಬುದು ಅವನ ಎಣಿಕೆ. ಅದೇ ಬೇರು ಹರಿದ ಬಟ್ಟೆಬೂಟಿನವನಿಗೆ ಅರ್ಧ ಬೆಲೆಗೆ ಹೋಗುತ್ತಿತ್ತು, ಹೋದದ್ದು ಅವನಿಗೆ ತಿಳಿಯುತ್ತಲೂ ಇರಲಿಲ್ಲ. ಇದು ನ್ಯಾಯವೇ? ನನ್ನಲ್ಲಿ ಒಂದು ಬಟ್ಟಲು ಚಹಾ ಬಡವನಿಗೂ ಐದು ಜಿಯಾವ್, ಬಲ್ಲಿದನಿಗೂ ಐದು ಜಿಯಾವ್, ಅಂದರೆ ಅರ್ಧ ಯುವಾನ್. ಆದರೆ ಚಹಾ ಸಿಗದೆ ಯಾರೂ ಸಾಯುವುದಿಲ್ಲ.

ದುವಾನ್ ಚಾಂಗ್‌ಶು ರೇಷ್ಮೆ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಗಿರಣಿ ಮುಚ್ಚಿದ ಮೇಲೆ ಮೂರು ಗಾಲಿಯ ಗಾಡಿಯಲ್ಲಿ ಒಲೆಯ ಕಲ್ಲಿದ್ದಲ ಬಿಲ್ಲೆಗಳನ್ನು ಹೇರಿಕೊಂಡು ಮನೆಮನೆಗೆ ಹಾಕುತ್ತಾನೆ. ಅರವತ್ತರ ಹತ್ತಿರ. ಕೋಪ ಮೂಗಿನ ತುದಿಯಲ್ಲಿ, ಮಾನ ಅದಕ್ಕಿಂತ ಸ್ವಲ್ಪ ಮುಂದೆ. ಗಿರಣಿಯವರು ಹೊಸವರ್ಷಕ್ಕೆ, ಕಷ್ಟದಲ್ಲಿರುವವರಿಗೆಂದು ಅಕ್ಕಿ ಎಣ್ಣೆ ಹಂಚಿದಾಗ, "ನಾನೇನು ಭಿಕ್ಷೆಯವನಾ?" ಎಂದು ಡಬ್ಬ ಸಮೇತ ಎಣ್ಣೆಯನ್ನು ಕಾಲುವೆಗೆ ಎಸೆದವನು ಅವನು. ಅವತ್ತಿನಿಂದ ನಮ್ಮ ಕಾಲುವೆಯ ಮೀನಿಗೆ ಒಗ್ಗರಣೆ ಬೇಕಿಲ್ಲ ಎಂದು ಜನ ಅವನನ್ನು ಇನ್ನೂ ರೇಗಿಸುತ್ತಾರೆ.

ಅವನ ಹೆಂಡತಿ ಗುಯಿಲಾನ್ ಅದೇ ಗಿರಣಿಯಲ್ಲಿ ಬಿಸಿನೀರಿನ ತೊಟ್ಟಿಯಿಂದ ಎಳೆ ತೆಗೆಯುತ್ತಿದ್ದವಳು. ಹಿಂದಿನ ಚಳಿಗಾಲದ ಜ್ವರ ಅವಳನ್ನು ಬಿಟ್ಟಿತು, ಹೋಗುವಾಗ ಉಸಿರನ್ನೂ ಅರ್ಧ ಕೊಂಡೊಯ್ದಿತು. ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿಯಬೇಕು. ಗೆಂಗ್ ವೈದ್ಯರು ಜಿನ್ಸೆಂಗ್ ಸೇರಿದ ಕಷಾಯ ಬರೆದರು. ದುವಾನ್ ದಿನ ಬಿಟ್ಟು ದಿನ ಬಂದು ಪೊಟ್ಟಣ ಒಯ್ಯುತ್ತಿದ್ದ. ಸುಚಿನ್ ಅವನ ಕಾಲು ನೋಡಿ, ಮಣಿ ಆಡಿಸಿ, "ನಾಲ್ಕು ಯುವಾನ್" ಎನ್ನುತ್ತಿದ್ದಳು. ಅವನು ನೋಟಿನ ಮಡಿಕೆ ಬಿಡಿಸಿ ಮೇಜಿನ ಮೇಲೆ ಚಪ್ಪಟೆ ಮಾಡಿಟ್ಟು, ಬೀದಿಗೆಲ್ಲ ಕೇಳುವಂತೆ "ಬಾಕಿ ಏನೂ ಇಲ್ಲ ನೋಡಕ್ಕ!" ಎಂದು ಹೇಳಿ ನನ್ನಲ್ಲಿಗೆ ಬಂದು ಬಿದಿರಿನ ಕುರ್ಚಿಯಲ್ಲಿ ರಾಜನಂತೆ ಕೂರುತ್ತಿದ್ದ.

ವಸಂತ ಹೋಯಿತು, ಬೇಸಿಗೆ ಹೋಯಿತು. ಗುಯಿಲಾನ್ ಗೋಡೆ ಬಿಡಲಿಲ್ಲ. ಗೆಂಗ್ ವೈದ್ಯರು ನಾಡಿ ನೋಡಿ ತಲೆ ಕೆರೆದುಕೊಂಡರು. ಮೂರು ಗ್ರಾಮ್ ಇದ್ದ ಜಿನ್ಸೆಂಗನ್ನು ಆರು ಮಾಡಿದರು, ಆಮೇಲೆ ಒಂಬತ್ತು ಮಾಡಿದರು. ಸುಚಿನ್ ಮಾತ್ರ ನಾಲ್ಕು ಯುವಾನ್ ಬಿಟ್ಟು ಮೇಲೇಳಲಿಲ್ಲ. ಅತ್ತ ದುವಾನ್ ಮಾತ್ರ ದಿನದಿನಕ್ಕೆ ಕೆಂಪಗಾಗುತ್ತಿದ್ದ. ಹಿಂದಿನ ಚಳಿಯಲ್ಲಿ ಏರಿನ ಮೇಲೆ ಗಾಡಿಯ ಪಕ್ಕವೇ ಕಣ್ಣು ಕತ್ತಲೆ ಬಂದು ಬಿದ್ದಿದ್ದವನು ಈಗ ಅದೇ ಏರನ್ನು ಹಾಡು ಹೇಳಿಕೊಂಡು ಹತ್ತುತ್ತಿದ್ದ. "ಕಷಾಯ ಅವಳಿಗೆ, ಬಣ್ಣ ಇವನಿಗೆ" ಎಂದು ನಾವು ನಗುತ್ತಿದ್ದೆವು. ಎಷ್ಟು ದಡ್ಡರು ನೋಡಿ ನಾವು.

ಒಂದು ದಿನ ಅವನು ಬಟ್ಟಲಿನ ಮುಚ್ಚಳ ಕುಕ್ಕಿ ಗೊಣಗಿದ.

"ಚಹಾದಕ್ಕ, ಮನೇಲಿ ಊಟವೇ ಸೇರ್ತಿಲ್ಲ ಕಣೆ. ಮೂಲಂಗಿ ಕಂಡು ಎಷ್ಟು ಕಾಲ ಆಯ್ತು ಗೊತ್ತಾ?"

"ಯಾಕೆ, ಮೂಲಂಗಿ ನಿನ್ನ ಮೇಲೆ ಮುನಿಸಿಕೊಂಡಿದೆಯಾ?"

"ಅವಳು ತರೋಕೇ ಬಿಡಲ್ಲ. ಉಪ್ಪುನೀರಲ್ಲಿ ಹಾಕಿದ್ದ ಜಾಡಿನೂ ಪಕ್ಕದ ಮನೆಗೆ ಕೊಟ್ಟುಬಿಟ್ಲು. ಎಲುಬಿನ ಸಾರು ಮಾಡ್ತಾಳೆ, ಅದ್ರಲ್ಲಿ ಮೂಲಂಗಿ ಇಲ್ಲ. ಮೂಲಂಗಿ ಇಲ್ಲದ ಎಲುಬಿನ ಸಾರು ಯಾವನಾದ್ರೂ ಕುಡೀತಾನಾ? ಸಾಲದ್ದಕ್ಕೆ ಕಹಿ ಬೇರೆ. ಕಾಯಿಲೆಯಿಂದ ಅವಳ ನಾಲಿಗೆ ರುಚಿ ಹೋಗಿದೆ."

"ಅಯ್ಯೋ ಮಾರಾಯ, ಜಿನ್ಸೆಂಗ್ ತಿನ್ನೋರು ಮೂಲಂಗಿ ಮುಟ್ಟಬಾರದು. ಒಂದು ಹೋಳು ತಿಂದ್ರೂ ಬೇರಿನ ಬಲ ಎಲ್ಲ ಇಳಿದುಹೋಗುತ್ತೆ. ತೊಟ್ಟಿಲ ಮಗುವಿಗೂ ಗೊತ್ತು ಅದು."

"ತಿಂತಿರೋದು ಅವಳು! ನಾನ್ಯಾಕೆ ಉಪವಾಸ ಇರಬೇಕು?"

"ಮನೇಲಿದ್ರೆ ಅವಳಿಗೂ ಆಸೆ ಆಗುತ್ತೆ, ಅದಕ್ಕಿರಬೇಕು. ಸುಮ್ನೆ ಕುಡಿ, ಆರುತ್ತೆ."

ಅಲ್ಲಿಗೆ ಆ ಮಾತು ನಿಂತಿತು. ಮೂಲಂಗಿಯ ವಿಷಯಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಶರತ್ಕಾಲ ಮುಗಿಯುವ ಹೊತ್ತಿಗೆ ಮೇಲಿನಿಂದ ಅಪ್ಪಣೆ ಬಂತು: ಎಲ್ಲ ಅಂಗಡಿಯವರೂ ಬೆಲೆಯನ್ನು ಹಲಗೆಯ ಮೇಲೆ ಬರೆದು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಒಂದೇ ಬೆಲೆ, ಮುಖ ನೋಡಿ ಮಣೆ ಹಾಕುವಂತಿಲ್ಲ. ನನಗೇನು, "ಚಹಾ, ಐದು ಜಿಯಾವ್" ಎಂದು ಬರೆದು ಕೈ ತೊಳೆದುಕೊಂಡೆ. ಸುಚಿನ್ ದೊಡ್ಡ ಹಲಗೆ ಮಾಡಿಸಬೇಕಾಯಿತು. ಬರೆಯುವಾಗ ಅವಳ ಮುಖ ನೋಡಿದರೆ ಯಾರೋ ಅವಳ ಬಟ್ಟೆಪೆಟ್ಟಿಗೆಯನ್ನು ಬೀದಿಯಲ್ಲಿ ಬಿಚ್ಚಿಟ್ಟಂತಿತ್ತು.

ಮೊದಲು ಬಂದವನು ತಾವ್. ಹಲಗೆ ಓದಿದ. ಇಷ್ಟು ದಿನ ತಾನು ತೆತ್ತದ್ದು ದುಪ್ಪಟ್ಟು ಎಂದು ತಿಳಿದು, ನಾಲ್ಕುದಾರಿಯೆಲ್ಲ ನಡುಗುವಂತೆ ಕೂಗಾಡಿ, "ಇನ್ನು ಪಟ್ಟಣದಲ್ಲೇ ತಗೋತೀನಿ" ಎಂದು ಹೋದ. ಹೋಗಲಿ, ಅವನ ಹೆಂಡಕ್ಕೆ ಬೇರು ಕಡಿಮೆಯಾದರೆ ಅವನ ಮನೆಯವರಿಗೇ ನೆಮ್ಮದಿ. ಆದರೆ ಅವನು ಕೊಡುತ್ತಿದ್ದ ಹೆಚ್ಚಿನಿಂದಲೇ ಹರಿದ ಬೂಟಿನವರ ಕಡಿಮೆ ತುಂಬುತ್ತಿತ್ತು. ಅದು ಸುಚಿನ್‌ಗೆ ಗೊತ್ತು, ನನಗೆ ಗೊತ್ತು, ಹಲಗೆಗೆ ಗೊತ್ತಿಲ್ಲ.

ಆಮೇಲೆ ದುವಾನ್ ಬಂದ. ಬೆಳಗಿನ ಚರಟವನ್ನು ನನ್ನ ಅಂಗಡಿಯ ಮುಂದೆ ಚೆಲ್ಲಿ, ಖಾಲಿ ಮಡಕೆ ಕೈಯಲ್ಲಿ ಹಿಡಿದೇ ಎದುರಿಗೆ ಹೋದ. ಹಲಗೆಯ ಮುಂದೆ ನಿಂತು ತುಟಿ ಆಡಿಸುತ್ತ ಓದಿದ. ಒಂದು ಸಲ ಓದಿ ಮತ್ತೆ ಓದಿದ.

"ವೈದ್ಯರೇ, ನಮ್ಮವಳ ಚೀಟೀಲಿ ಜಿನ್ಸೆಂಗ್ ಎಷ್ಟು?"

ಗೆಂಗ್ ವೈದ್ಯರು ಒಳ್ಳೆಯವರೇ, ಆದರೆ ಮಾತಿನ ಹಿಂದೆ ಮಾತಿರುತ್ತದೆ ಎಂಬ ಅರಿವು ಅವರಿಗಿಲ್ಲ. "ಈಗ ಒಂಬತ್ತು ಗ್ರಾಮ್" ಎಂದರು.

"ಗ್ರಾಮಿಗೆ ಒಂದು ಯುವಾನ್ ಅಂತ ಬರೆದಿದೆ. ಬೇರೆ ಸೊಪ್ಪುಸದೆ ಎಲ್ಲ ಸೇರಿದ್ರೆ ಹನ್ನೊಂದು ದಾಟುತ್ತೆ." ದುವಾನ್ ಸುಚಿನ್ ಕಡೆ ತಿರುಗಿದ. "ನನ್ನ ಹತ್ರ ನಾಲ್ಕೇ ತಗೊಂಡೆ. ಯಾಕೆ?"

"ಅದು... ಹಳೇ ಸರಕು ಇತ್ತು ದುವಾನಣ್ಣ, ಅಗ್ಗದಲ್ಲಿ ಬಂದಿತ್ತು..."

"ಹಳೇ ಸರಕು! ಎಂಟು ತಿಂಗಳಿಂದ ಮುಗೀದ ಹಳೇ ಸರಕು! ಒಂಬತ್ತು ಯುವಾನಿನ ಬೇರನ್ನ ನಾಲ್ಕಕ್ಕೆ ಕೊಡೋಕೆ ನೀನೇನು ಗುಡಿಯಿಂದ ಎದ್ದು ಬಂದ ದೇವತೆನಾ?" ಅವನ ದನಿ ಏರಿತು. "ನೀನು ಜಿನ್ಸೆಂಗ್ ಹಾಕೇ ಇಲ್ಲ. ಯಾವುದೋ ಬೇಲಿ ಬೇರು ಕತ್ತರಿಸಿ ಕಟ್ಟಿಕೊಟ್ಟಿದೀಯ. ಅದಕ್ಕೇ ಅವಳು ಏಳ್ತಿಲ್ಲ!"

ಅಂಗಡಿಯಲ್ಲಿ ಐದಾರು ಜನ ಇದ್ದರು. ಪೊಟ್ಟಣ ತೆಗೆದುಕೊಂಡಿದ್ದ ಒಬ್ಬ ಮುದುಕಿ ಅದನ್ನು ಮೆಲ್ಲಗೆ ಮೇಜಿನ ಮೇಲೆ ವಾಪಸು ಇಟ್ಟಳು. ಅವಳ ಹಿಂದಿನವನೂ ಇಟ್ಟ. ಈ ಕಸುಬಿನಲ್ಲಿ ಖೋಟಾ ಎಂಬ ಮಾತು ಒಮ್ಮೆ ಬಿದ್ದರೆ ಆ ಖಾನೆಗಳನ್ನೆಲ್ಲ ಒಡೆದು ಒಲೆಗೆ ಹಾಕುವುದೊಂದೇ ಬಾಕಿ.

ಸುಚಿನ್ ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು: ನಿನ್ನ ಕಷ್ಟ ನೋಡಿ ನಾನೇ ಕಡಿಮೆಗೆ ಕೊಟ್ಟೆ. ಹೇಳಲು ಬಾಯಿ ತೆರೆದಳು. ಅಭ್ಯಾಸಬಲ, ಕಣ್ಣು ಅವನ ಕಾಲಿನ ಕಡೆ ಹೋಯಿತು. ಬಾಯಿ ಮುಚ್ಚಿದಳು. ನನಗೆ ಕಾಲುವೆಗೆ ಬಿದ್ದ ಎಣ್ಣೆ ಡಬ್ಬ ನೆನಪಾಯಿತು, ಅವಳಿಗೂ ಆಗಿರಬೇಕು. ದಾನದ ಮಾತು ಎತ್ತಿದರೆ ಇವನು ಔಷಧಿಯನ್ನೂ ಅಲ್ಲಿಗೇ ಎಸೆಯುತ್ತಾನೆ, ಓಣಿಯ ಮನೆಯಲ್ಲಿ ಉಸಿರಿಲ್ಲದೆ ಕೂತಿರುವವಳು ಹಾಗೇ ಕೂತಿರಬೇಕಾಗುತ್ತದೆ. ಅಂಗಡಿಯ ಹೆಸರೋ, ಆ ಹೆಂಗಸಿನ ಉಸಿರೋ ಎಂಬ ತಕ್ಕಡಿಯ ಮುಂದೆ ಅವಳು ಸುಮ್ಮನೆ ನಿಂತಳು. ಅವಳ ಮೇಲೆ ನನಗೆ ಸಿಟ್ಟೂ ಬಂತು, ಕನಿಕರವೂ ಬಂತು.

"ಬಾಯಿ ಬಿಡಲ್ಲ ನೋಡಿ!" ದುವಾನ್ ಹೊರಗೆ ಬಂದ. "ಬನ್ನಿ ವೈದ್ಯರೇ. ಇವತ್ತಿನ ಚರಟ ಇಲ್ಲೇ ಬಿದ್ದಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೀವೇ ಹುಡುಕಿ ಹೇಳಿ."

ಗೆಂಗ್ ವೈದ್ಯರು ನನ್ನಿಂದ ಊಟದ ಕಡ್ಡಿ ಈಸಿಕೊಂಡು ದಾರಿಯಲ್ಲಿ ಕುಕ್ಕರುಗಾಲಲ್ಲಿ ಕೂತರು. ಆ ಕಡ್ಡಿ ಆಮೇಲೆ ಯಾವ ಕೆಲಸಕ್ಕೂ ಬರಲಿಲ್ಲ, ಅದು ಬೇರೆ ಮಾತು. ಜನ ಸುತ್ತುವರಿದರು. ಪಕ್ಕದಲ್ಲಿ ಕೆಸರು ಮೆತ್ತಿದ ಮೂಲಂಗಿ ರಾಶಿ ಹಾಕಿಕೊಂಡಿದ್ದ ತರಕಾರಿಯವಳೂ ಎದ್ದು ನಿಂತಳು.

"ಅತಿಮಧುರ ಇದೆ," ಎಂದರು ವೈದ್ಯರು. "ಶುಂಠಿ ಇದೆ. ಕಿತ್ತಳೆ ಸಿಪ್ಪೆ ಇದೆ." ಕಡ್ಡಿಯಿಂದ ಇನ್ನಷ್ಟು ಕೆದಕಿದರು, ಅಂಗೈಗೆ ಹಾಕಿಕೊಂಡು ಮೂಸಿದರು. ಕೊನೆಗೆ ಮೆಲ್ಲಗೆ, "ಜಿನ್ಸೆಂಗ್ ಇಲ್ಲ" ಎಂದರು.

ಸುಚಿನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಾನೇ ತೂಗಿದ್ದು ವೈದ್ಯರೇ," ಎಂದಳು. "ಜಿನ್ಸೆಂಗ್ ಬೇರೆಯಾಗಿ ಕುದಿಸಿ ಆಮೇಲೆ ಕಷಾಯಕ್ಕೆ ಸೇರಿಸಬೇಕು ಅಂತ ಕೆಂಪು ಕಾಗದದಲ್ಲಿ ಬೇರೆ ಕಟ್ಟಿ ಪೊಟ್ಟಣದ ಒಳಗೇ ಇಟ್ಟಿರ್ತೀನಿ. ಒಂದು ದಿನಾನೂ ತಪ್ಪಿಲ್ಲ."

"ಕೆಂಪು ಕಾಗದ ನಾನು ಕಂಡೇ ಇಲ್ಲ!"

"ಪೊಟ್ಟಣ ಬಿಚ್ಚೋದು ಯಾರು?"

"ಇನ್ಯಾರು, ಅವಳೇ. ನಾನೇನು ಒಲೆ ಮುಂದೆ ಕೂರ್ತೀನಾ?"

ಸುಚಿನ್ ತಲೆಯೆತ್ತಿದಳು. ಅಷ್ಟು ವರ್ಷದಲ್ಲಿ ಅವತ್ತೇ ಮೊದಲ ಬಾರಿಗೆ ಅವಳು ಆ ಮನುಷ್ಯನ ಕಾಲು ಬಿಟ್ಟು ಮುಖ ನೋಡಿದಳು. ಕೆಂಪು ಕೆನ್ನೆ, ಹೊಳೆಯುವ ಕಣ್ಣು, ಎತ್ತಿನ ಕುತ್ತಿಗೆ. ನೋಡುತ್ತ ನೋಡುತ್ತ ಅವಳ ದನಿ ಇಳಿಯಿತು.

"ದುವಾನಣ್ಣ, ಒಂದು ಕೇಳ್ತೀನಿ. ಮನೇಲಿ ಮೂಲಂಗಿ ತಿಂತೀಯಾ?"

"ಮೂಲಂಗಿ? ಖೋಟಾ ಬೇರಿನ ಮಾತಾಡ್ತಿದ್ರೆ ಮೂಲಂಗಿ ಯಾಕೆ ತರ್ತೀಯ? ಎಂಟು ತಿಂಗಳಿಂದ ಮೂಲಂಗಿ ಮುಖ ನೋಡಿಲ್ಲ ನಾನು! ಅವಳು ಹಾಕಲ್ಲ! ಬರೀ ಆ ಕಹಿ ಸಾ..."

ಮಾತು ಅಲ್ಲೇ ಮುರಿಯಿತು. ಸುತ್ತ ನಿಂತವರಲ್ಲಿ ಒಬ್ಬ ಕಿಸಕ್ಕೆಂದ, ಪಕ್ಕದವಳು ಅವನನ್ನು ತಿವಿದಳು. ನಾನು ಹೇಳಿದ್ದೆನಲ್ಲ, ಇಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಆ ಬೇರು ತಿನ್ನುತ್ತಿದ್ದವನು ತಾನೇ ಎಂದು ಎಲ್ಲರಿಗಿಂತ ಕೊನೆಗೆ ಹೊಳೆದದ್ದು ಅವನಿಗೆ.

ಗಲಾಟೆ ಕೇಳಿ ಗುಯಿಲಾನ್ ಓಣಿಯಿಂದ ಇಳಿದು ಬಂದಿದ್ದಳು. ಗೋಡೆ ಹಿಡಿದು, ನಿಂತು, ಮತ್ತೆ ಹಿಡಿದು. ಅವಳು ಹತ್ತಿರ ಬಂದ ಮೇಲೆಯೇ ಎಲ್ಲರಿಗೂ ಕಾಣಿಸಿದ್ದು. ನಾನು ಕುರ್ಚಿ ಕೊಟ್ಟೆ. ಕೂತು, ಉಸಿರು ಸೇರಿಸಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಿತು.

"ಸುಚಿನಕ್ಕನ್ನ ಬೈಬೇಡ," ಎಂದಳು ಗಂಡನಿಗೆ. "ಕೆಂಪು ಕಾಗದದ್ದು ನಾನೇ ತೆಗೆದು ಸಾರಿಗೆ ಹಾಕ್ತಿದ್ದೆ."

"ನನಗೆ?"

"ಮತ್ತೆ ಬೆಕ್ಕಿಗಾ? ಹೋದ ಚಳೀಲಿ ಗಾಡಿ ಪಕ್ಕ ಬಿದ್ಯಲ್ಲ, ನಾಲ್ಕು ಜನ ಹೊತ್ತು ತಂದು ಹಾಕಿದ್ರಲ್ಲ, ಮರೆತ್ಯಾ? ನಾನು ಕೂತವಳು, ನೀನು ಎಳೆಯೋನು. ಎಳೆಯೋ ಎತ್ತಿಗೆ ಹುಲ್ಲು ಹಾಕದೆ ಕೂತವಳಿಗೆ ಹಾಕಿದ್ರೆ ಮನೆ ನಡಿಯುತ್ತಾ?"

"ಅದು ನಿನ್ನ ಔಷಧಿ ಕಣೆ!"

"ನಂಗೆ ಉಳಿದದ್ದೆಲ್ಲ ಇತ್ತಲ್ಲ, ಕುಡೀತಿದ್ದೆ." ಅವಳು ಸುಚಿನ್ ಕಡೆ ನೋಡಿದಳು. "ನಾಲ್ಕು ಯುವಾನಿಗೆ ಆ ಬೇರು ಬರಲ್ಲ ಅಂತ ನಂಗೆ ಮೊದಲನೇ ದಿನವೇ ಗೊತ್ತಾಯ್ತು ಅಕ್ಕ. ಹೇಳಿದ್ರೆ ಈ ಮಹಾರಾಜ ಬಿಡ್ತಾನಾ? ನೀನು ಮುಚ್ಚಿಟ್ಟೆ, ನಾನೂ ಮುಚ್ಚಿಟ್ಟೆ."

ದುವಾನ್ ಖಾಲಿ ಮಡಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕಾಲುವೆ ಹತ್ತಿರದಲ್ಲೇ ಇತ್ತು. ಈಗ ಎಸೆಯುತ್ತಾನೆ, ಮಡಕೆಯನ್ನೋ ತನ್ನನ್ನೋ ಎಂದು ನಾನು ಕಾದೆ. ಅಂಗಡಿ ಮುಂದೆ ಅಷ್ಟು ಜನ. ಎಲ್ಲರ ಎದುರಿಗೂ ಅವನು ಎಂಟು ತಿಂಗಳು ಒಬ್ಬಳ ದಾನ ಉಂಡವನು, ಇನ್ನೊಬ್ಬಳ ಔಷಧಿ ಕುಡಿದವನು. ಅವನ ಜಾಗದಲ್ಲಿ ನಿಲ್ಲುವ ಆಸೆ ನನಗಂತೂ ಇರಲಿಲ್ಲ.

ಅವನು ಮಡಕೆಯನ್ನು ನನ್ನ ಮೇಜಿನ ಮೇಲಿಟ್ಟ. ತರಕಾರಿಯವಳ ರಾಶಿಯಿಂದ ಒಂದು ಮೂಲಂಗಿ ಎತ್ತಿಕೊಂಡ. ಕೆಸರನ್ನು ಪ್ಯಾಂಟಿಗೆ ಒರೆಸಿ, ಹೆಂಡತಿಯ ಎದುರು ಕುಕ್ಕರುಗಾಲಲ್ಲಿ ಕೂತು, ಕಚ್ಚಿದ.

"ಏ, ಬೇಡ!" ಗುಯಿಲಾನ್ ಕೈ ಚಾಚಿದಳು. "ಅಷ್ಟು ತಿಂಗಳಿಂದ ಹಾಕಿದ್ದೆಲ್ಲ ಹಾಳಾಗಿ ಹೋಗುತ್ತೆ!"

"ಹೋಗಲಿ."

ಹಸಿ ಮೂಲಂಗಿ, ಸಿಪ್ಪೆ ಸಮೇತ. ಅಗಿದ, ನುಂಗಿದ, ಮತ್ತೆ ಕಚ್ಚಿದ. ಕಣ್ಣಲ್ಲಿ ನೀರು ಬಂತು. ಹಸಿ ಮೂಲಂಗಿ ಘಾಟು ಇರುತ್ತದೆ. ಬುಡದವರೆಗೂ ತಿಂದು ಎಲೆಯ ತುದಿಯನ್ನು ಅವಳ ಮಡಿಲಲ್ಲಿ ಇಟ್ಟ.

"ದಿನಾ ಬೆಳಿಗ್ಗೆ ಒಂದು ತಿಂತೀನಿ," ಎಂದ. "ಇಲ್ಲೇ, ಎಲ್ಲರ ಮುಂದೆ. ಇನ್ನು ನನ್ನ ಸಾರಿಗೆ ಬೇರು ಹಾಕಿದ್ರೆ ಮಣ್ಣಿಗೆ ಹಾಕಿದ ಹಾಗೆ. ಏನ್ ಮಾಡ್ತೀಯ, ನೋಡೋಣ."

ಗುಯಿಲಾನ್ ಅವನ ತಲೆಗೆ ಒಂದು ಮೊಟಕಿದಳು. ಕೈ ತೆಗೆಯಲಿಲ್ಲ.

ಗೆಂಗ್ ವೈದ್ಯರು ಚರಟದ ಮುಂದೆಯೇ ಇನ್ನೂ ಕೂತಿದ್ದರು. "ಹಾಗಾದ್ರೆ ಇವಳು ಜಿನ್ಸೆಂಗ್ ಕುಡಿದೇ ಇಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. "ಹಾಗಾದ್ರೆ ಒಂಬತ್ತು ಬೇಡ. ಮೂರರಿಂದಲೇ ಮತ್ತೆ ಶುರು ಮಾಡಬೇಕು." ಒಳಗೆ ಹೋಗಿ ಹೊಸ ಚೀಟಿ ಬರೆದರು.

ದುವಾನ್ ಹಿಂದೆಯೇ ಹೋಗಿ ಮೇಜಿನ ಮುಂದೆ ನಿಂತ. ಸುಚಿನ್ ತೂಗಿದಳು, ಕೆಂಪು ಕಾಗದವನ್ನು ಅವನಿಗೆ ಕಾಣುವಂತೆ ಬಿಡಿಸಿ ಮಡಿಸಿದಳು, ಮಣಿ ಆಡಿಸಿದಳು.

"ಐದು ಯುವಾನ್ ಇಪ್ಪತ್ತು."

ದುವಾನ್ ಹಲಗೆ ನೋಡಿದ. ತುಟಿ ಆಡಿತು. "ಐದು ನಲವತ್ತು ಆಗುತ್ತೆ. ಕಿತ್ತಳೆ ಸಿಪ್ಪೆ ಬಿಟ್ಟಿದೀಯ."

"ಒಣ ಸಿಪ್ಪೆಗೆ ಯಾರಪ್ಪ ದುಡ್ಡು ತಗೋತಾರೆ?"

"ಹಲಗೆ ಮೇಲಿದೆ, ಇಪ್ಪತ್ತು ಫೆನ್. ಮುಖ ನೋಡಿ ಬೆಲೆ ಹೇಳಬಾರದು ಅಂತ ಅಪ್ಪಣೆ ಆಗಿದೆ."

"ನಿನ್ನ ಮುಖ ಯಾರು ನೋಡ್ತಾರೆ," ಎಂದಳು ಸುಚಿನ್, ಮತ್ತು ಒಂದು ಮಣಿ ಮೇಲೇರಿಸಿದಳು. ಅವನು ಕೊಟ್ಟ. ಹಳೆಯದರ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮುದುಕಿ ಬಂದು ತನ್ನ ಪೊಟ್ಟಣವನ್ನು ಎತ್ತಿಕೊಂಡಳು. ಆದರೆ ಬಾಗಿಲು ದಾಟುವಾಗ ದುವಾನ್ ತಿರುಗಿ, ಯಾರಿಗೂ ಕೇಳದಷ್ಟು ಸಣ್ಣಗೆ ಏನೋ ಅಂದ. ಬಾಕಿ ಇಲ್ಲ ಎಂದು ಕೂಗುತ್ತಿದ್ದ ಗಂಟಲು ಅದೇನಾ ಎಂದು ನನಗೆ ಅನುಮಾನ ಬಂತು. ಮರುದಿನದಿಂದ ಸುಚಿನ್ ಒಲೆಯ ಪಕ್ಕದಲ್ಲಿ ಕಲ್ಲಿದ್ದಲ ಬಿಲ್ಲೆಗಳು ಖಾಲಿಯಾದದ್ದನ್ನು ನಾನು ನೋಡಿಲ್ಲ. ಅದರ ಬೆಲೆ ಯಾವ ಹಲಗೆಯ ಮೇಲೂ ಇಲ್ಲ.

ದುವಾನ್ ಮಾತಿಗೆ ತಪ್ಪಲಿಲ್ಲ. ದಿನಾ ಬೆಳಿಗ್ಗೆ ಚರಟ ಚೆಲ್ಲಿ, ನನ್ನ ಅಂಗಡಿಯ ಮುಂದೆ ನಿಂತು ಹಸಿ ಮೂಲಂಗಿ ತಿನ್ನುತ್ತಾನೆ. ಅವನ ತೇಗಿನ ವಾಸನೆಗೆ ನನ್ನ ಗಿರಾಕಿಗಳು ಕುರ್ಚಿ ಸರಿಸುತ್ತಾರೆ. ಚರಟದಲ್ಲಿ ಈಗ ಬೇರಿನ ಬಿಳಿ ಬಿಲ್ಲೆಗಳು ಕಾಣುತ್ತವೆ. ಗುಡಿಸುವವಳು ನಾನಲ್ಲವೇ, ನೋಡುತ್ತೇನೆ. ಚಳಿ ಕಳೆಯುವ ಹೊತ್ತಿಗೆ ಅವನ ಕೆನ್ನೆಯ ಕೆಂಪು ಇಳಿಯಿತು. ಏರಿನಲ್ಲಿ ಹಾಡು ನಿಂತಿತು, ಅರ್ಧ ದಾರಿಯಲ್ಲಿ ಗಾಡಿಯೂ ನಿಲ್ಲತೊಡಗಿತು.

ಮೊನ್ನೆ ಅಲ್ಲಿ ಗಾಡಿ ನಿಂತಾಗ ಎದ್ದು ಹೋಗಿ ಕೈ ಹಾಕೋಣ ಎಂದುಕೊಂಡೆ. ಅಷ್ಟರಲ್ಲಿ ಓಣಿಯಿಂದ ಗುಯಿಲಾನ್ ಬಂದಳು. ಗೋಡೆ ಹಿಡಿಯದೆ ಬಂದಳು. ಅಂಗಿಯ ತೋಳು ಮಡಿಸಿ, ಗಾಡಿಯ ಹಿಂದೆ ಎರಡೂ ಕೈಯಿಟ್ಟು ನೂಕಿದಳು.

"ಹಿಂದೆ ಯಾರೋ ನೂಕ್ತಿರೋದು?" ಎಂದು ದುವಾನ್ ಮುಂದಿನಿಂದ ಕೂಗಿದ.

"ಜಿನ್ಸೆಂಗ್!" ಎಂದಳು ಅವಳು. "ಸುಮ್ನೆ ಎಳಿ."